ಕೆಂಪು ಗಿಂಡಿ

ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದವನು, ನಿವೃತ್ತಿಯ ದಿನದವರೆಗೂ ಗುಮಾಸ್ತನಾಗಿಯೇ ಇದ್ದೆ. ಚನ್ನಗಿರಿ, ನ್ಯಾಮತಿ, ಜಗಳೂರು, ಹೊನ್ನಾಳಿ – ಈ ನಾಲ್ಕೂ ಊರುಗಳ ಕೌಂಟರಿನಲ್ಲಿ ಕೂತು ನೋಟು ಎಣಿಸಿದ್ದೇನೆ. ಚನ್ನಗಿರಿಯಲ್ಲಿ ಅಡಿಕೆ ಮಾರಿ ಬಂದವರ ಕಂತೆಗಳನ್ನೂ ಕಂಡೆ, ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆದವರ ಸಪ್ಪೆ ಮುಖಗಳನ್ನೂ ಕಂಡೆ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಉಳಿದ ಮೂರು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಾಲ್ಕೂ ಒಂದೇ ಮನೆಗೆ ಬಂದವು. ನಾನು ಹೊನ್ನಾಳಿಯಲ್ಲಿ ನೆಲೆ ನಿಂತು, ನಿವೃತ್ತಿಯ ಹಣದಲ್ಲಿ ಚಿಕ್ಕದೊಂದು ಪೆಟ್ರೋಲ್ ಕಾರು ಕೊಂಡೆ.

ಆ ಕಾರಿನ ಎಂಜಿನ್ ಕೆಟ್ಟ ಕಥೆ ಇದು. ನಾನೊಂದು ಸುಳ್ಳು ಹೇಳಿದ ಕಥೆಯೂ ಹೌದು.

ಆರು ವರ್ಷದ ಹಿಂದಿನ ಬೇಸಿಗೆ ರಜೆ. ಜಗಳೂರಿನಲ್ಲಿ ನನ್ನ ನಾದಿನಿಯ ಮಗಳ ಮದುವೆ. ಐದನೇ ತರಗತಿ ಮುಗಿಸಿದ್ದ ಮೊಮ್ಮಗ ನಮ್ಮ ಮನೆಯಲ್ಲೇ ಇದ್ದ. ಹೊರಡುವ ಮುನ್ನಾದಿನ ಊರಿನ ಗ್ಯಾರೇಜೊಂದರಲ್ಲಿ ಕಾರು ಸರ್ವಿಸ್ ಮಾಡಿಸಿದೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಾಯಿಸಿ, ಫಳಫಳ ಅನ್ನುವಂತೆ ತೊಳೆದು ಕೊಟ್ಟರು. ಹಳೇ ಚಾಳಿ, ಬಿಲ್ಲನ್ನು ಎರಡು ಸಲ ಕೂಡಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಬಾನೆಟ್ ಮಾತ್ರ ಎತ್ತಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ರಂಗೋಲಿ ಹಾಕಲು ಹೋದ ನನ್ನಾಕೆ ಅಂಗಳದಿಂದಲೇ ಕೂಗಿದಳು. “ರೀ, ಕಾರಿನ ಕೆಳಗೆ ಎಣ್ಣೆ ಬಿದ್ದೈತೆ ನೋಡ್ರಿ, ಅಂಗೈ ಅಗಲ!”

“ನಿನ್ನೆ ಸರ್ವಿಸ್ ಆಗೈತಲ್ಲ, ಚೆಲ್ಲಿದ್ದು ತೊಟ್ಟಿಕ್ಕಿರುತ್ತೆ ಬಿಡು,” ಅಂದೆ.

ದಾವಣಗೆರೆ ದಾಟುವವರೆಗೂ ಕಾರು ಬೆಣ್ಣೆಯಂತೆ ಹೋಯಿತು. ಜಗಳೂರಿನ ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆವು. ಹಿಂದಿನ ಸೀಟಿನಿಂದ ಇಣುಕುತ್ತಿದ್ದ ಮೊಮ್ಮಗ, “ಅಜ್ಜಾ, ಅಲ್ಲಿ ಕೆಂಪು ಗಿಂಡಿ ಹತ್ತೈತೆ,” ಅಂದ.

ಸ್ಪೀಡೋಮೀಟರ್ ಪಕ್ಕದಲ್ಲಿ ಚಿಕ್ಕದೊಂದು ಕೆಂಪು ದೀಪ. ಮೂತಿಯಿರುವ ಗಿಂಡಿಯ ಚಿತ್ರ, ಮೂತಿಯ ತುದಿಯಲ್ಲಿ ಒಂದು ತೊಟ್ಟು. ತಿರುವಿನಲ್ಲಿ ಮಿನುಗಿ ಆರುತ್ತಿತ್ತು. ಗಡಿಯಾರ ನೋಡಿದೆ, ಮುಹೂರ್ತಕ್ಕೆ ಮುಕ್ಕಾಲು ಗಂಟೆಯಿತ್ತು. “ಹೊಸ ಎಣ್ಣೆ ಹಾಕಿದಾಗ ಹಂಗೇ. ಸುಮ್ನೆ ಕೂತ್ಕೋ ಪುಟ್ಟ,” ಅಂದೆ. ಹೊಸ ಎಣ್ಣೆ ಹಾಕಿದಾಗ ಹಾಗೆ ಆಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಕ್ಷಣ ನಾನೇ ಹುಟ್ಟಿಸಿದ ಮಾತು ಅದು.

ದೀಪ ಆರದೆ ನಿಂತಿತು. ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಟಕಟಕ ಶುರುವಾಯಿತು. ಇನ್ನೂ ನಾಲ್ಕೈದು ಕಿಲೋಮೀಟರ್ ಓಡಿಸಿದೆ. ಕೊನೆಗೆ ಗಕ್ಕನೆ ಹಿಡಿದುಕೊಂಡು ಕಾರು ನಿಂತಿತು. ಕೀಲಿ ತಿರುಗಿಸಿದರೆ ಕಟ್ ಎಂದಿತೇ ಹೊರತು ಎಂಜಿನ್ ಅಲುಗಲಿಲ್ಲ. ಎರಡೂ ಕಡೆ ಉತ್ತು ಬಿಟ್ಟ ಬಯಲು, ಕೂರಲು ಒಂದು ಮರದ ನೆರಳೂ ಇಲ್ಲ. ಪುಣ್ಯಾತ್ಮ ರೈತರೊಬ್ಬರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜಗಳೂರಿಗೆ ಎಳೆದು ತಂದರು. ನಾವು ಮಂಟಪ ಮುಟ್ಟುವಷ್ಟರಲ್ಲಿ ಊಟದ ಕೊನೆಯ ಪಂಕ್ತಿ ಏಳುತ್ತಿತ್ತು.

ಸಂಜೆ ಅಲ್ಲಿನ ಹಿರಿಯ ಮೆಕ್ಯಾನಿಕ್ ಕಾರಿನ ಕೆಳಗೆ ತೂರಿ, ಫಿಲ್ಟರ್ ಬಿಚ್ಚಿ ತಂದು ನನ್ನ ಮುಂದೆ ಹಿಡಿದರು. “ನೋಡ್ರಿ ಯಜಮಾನ್ರೆ, ಒಂದು ರಬ್ಬರ್ ರಿಂಗ್ ಇರಬೇಕಾದ ಕಡೆ ಎರಡು ಅವೆ. ಹಳೇ ಫಿಲ್ಟರಿನ ರಿಂಗು ಎಂಜಿನ್ನಿಗೇ ಅಂಟ್ಕೊಂಡು ಉಳಿದೈತೆ. ನೋಡದಂಗೆ ಅದರ ಮೇಲೆ ಹೊಸದು ಬಿಗಿದವ್ರೆ. ಓಡ್ತಾ ಓಡ್ತಾ ರಿಂಗು ಜರುಗಿ ಎಣ್ಣೆಯೆಲ್ಲ ರಸ್ತೆಪಾಲಾಗೈತೆ.”

ಎಣ್ಣೆ ಹೋದರೆ ಇಷ್ಟೆಲ್ಲ ಆಗುತ್ತದೆಯೇ ಎಂದು ಮಕ್ಕಳು ಕೇಳಬಹುದು. ನನ್ನ ಅಪ್ಪನ ಎತ್ತಿನಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ನೇತಾಡುತ್ತಿತ್ತು, ಅದರ ತುಂಬ ಕೀಲೆಣ್ಣೆ. ಸಂತೆಗೆ ಹೊರಡುವ ಮುಂಚೆ ಅಪ್ಪ ಗಾಲಿ ಸರಿಸಿ ಅಚ್ಚಿಗೆ ತಾವೇ ಎಣ್ಣೆ ಸವರುತ್ತಿದ್ದರು. ಆಳಿದ್ದರೂ ಆ ಕೆಲಸ ಅವನಿಗೆ ಬಿಡುತ್ತಿರಲಿಲ್ಲ. ಗಾಡಿಯ ಗಾಲಿ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗೀತು. ಕಾರಿನ ಎಂಜಿನ್ನಿನೊಳಗಿನ ಕ್ರ್ಯಾಂಕ್ ಎಂಬ ದಂಡ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ. ಅದಕ್ಕೂ ಅದು ಕೂತ ಬೇರಿಂಗಿಗೂ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ಪಂಪೊಂದು ಒತ್ತಡ ಹಾಕಿ ಆ ಎಣ್ಣೆಯನ್ನು ಸಂದುಸಂದಿಗೂ ತಳ್ಳುತ್ತಿರುತ್ತದೆ. ಒತ್ತಡ ಕುಸಿದಾಗ ಹತ್ತುವುದೇ ಆ ಕೆಂಪು ಗಿಂಡಿ. ಆಮೇಲೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಂಡುಬಿಡುತ್ತದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಕೇಳಿದರು. “ಲೈಟ್ ಹತ್ತಿರಬೇಕಲ್ಲ? ಆಗಲೇ ಆಫ್ ಮಾಡಿದ್ರೆ ಎಂಜಿನ್ ಉಳೀತಿತ್ತು.”

“ಯಾವ ಲೈಟೂ ಹತ್ತಲಿಲ್ಲ,” ಅಂದೆ.

ಬಾಯಿಂದ ತಾನೇ ಜಾರಿದ ಮಾತು. ಮೊಮ್ಮಗ ಪಕ್ಕದಲ್ಲೇ ನಿಂತಿದ್ದ. ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಆ ರಾತ್ರಿ ನಾದಿನಿಯ ಮನೆಯ ಮಾಳಿಗೆಯ ಮೇಲೆ ಮಲಗಿದ್ದೆವು. ಅವನಿಗೆ ನಿದ್ದೆ ಬಂದಿದೆ ಅಂದುಕೊಂಡಿದ್ದೆ. ಕತ್ತಲಲ್ಲಿ ಮೆಲ್ಲಗೆ ಕೇಳಿದ. “ಅಜ್ಜಾ, ಗಿಂಡಿ ಹತ್ತಿದ್ದು ನಂಗೊಬ್ಬನಿಗೇ ಕಂಡಿದ್ದಾ?”

ಏನು ಹೇಳಲಿ? ನನ್ನ ಸುಳ್ಳಿಗೆ ಜಾಗ ಮಾಡಿಕೊಡಲು ಆ ಮಗು ತನ್ನ ಕಣ್ಣನ್ನೇ ಅನುಮಾನಿಸುತ್ತಿತ್ತು. “ಮಲಗು ಪುಟ್ಟ,” ಅಂದೆ. ನಾನು ಮಲಗಲಿಲ್ಲ.

ನ್ಯಾಮತಿ ಶಾಖೆಯ ಒಂದು ಸಂಜೆ ನೆನಪಾಯಿತು. ಕಂಪ್ಯೂಟರ್ ಇಲ್ಲದ ಕಾಲ. ದಿನದ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅಂದು 270 ರೂಪಾಯಿ ವ್ಯತ್ಯಾಸ. ಪಕ್ಕದ ಮೇಜಿಗೆ ಹೊಸದಾಗಿ ಬಂದಿದ್ದ ಹುಡುಗನ ಮೇಲೆ ನಾನು ಬೆರಳು ತೋರಿಸಿದೆ. ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ. “270 ಒಂಬತ್ತರಿಂದ ಭಾಗವಾಗುತ್ತಲ್ಲ? ಹಾಗಾದರೆ ಯಾರೋ ಅಂಕಿ ಅದಲುಬದಲು ಮಾಡಿರಬಹುದು. ಮೊದಲು ನಿಮ್ಮ ಪುಟ ನೋಡಿಕೊಳ್ಳಿ.” ನೋಡಿದರೆ, 3,690 ಬರೆಯಬೇಕಾದ ಕಡೆ ನಾನೇ 3,960 ಬರೆದಿದ್ದೆ! ಮಕ್ಕಳೇ, ನೀವೂ ಯಾವ ಸಂಖ್ಯೆಯಲ್ಲಾದರೂ ಎರಡು ಅಂಕಿ ಅದಲುಬದಲು ಮಾಡಿ ಕಳೆದು ನೋಡಿ, ಉತ್ತರ ಒಂಬತ್ತರಿಂದ ಭಾಗವಾಗಿಯೇ ಆಗುತ್ತದೆ.

ಹೊನ್ನಾಳಿಗೆ ಬಸ್ಸಿನಲ್ಲಿ ಮರಳಿದ ಮರುದಿನ, ಎರಡು ರಬ್ಬರ್ ರಿಂಗನ್ನು ಕಾಗದದಲ್ಲಿ ಸುತ್ತಿಕೊಂಡು ಗ್ಯಾರೇಜಿಗೆ ಹೋದೆ. ಮೊಮ್ಮಗನನ್ನೂ ಕರೆದುಕೊಂಡೇ ಹೋದೆ. ರಿಂಗುಗಳನ್ನು ಕಂಡದ್ದೇ ಮಾಲೀಕನ ಮುಖ ಕೆಂಪಾಯಿತು. ಫಿಲ್ಟರ್ ಹಾಕಿದ ಹುಡುಗನನ್ನು ಕರೆದು ಎಲ್ಲರೆದುರು ಬೈದ. “ನಾಳೆಯಿಂದ ಬರಬೇಡ. ಪೂರಾ ದುಡ್ಡು ನಿನ್ನ ಸಂಬಳದಾಗೆ ಹಿಡೀತೀನಿ.” ಹತ್ತೊಂಬತ್ತು ಇಪ್ಪತ್ತರ ಹುಡುಗ. ಗ್ರೀಸ್ ಕೈಗಳನ್ನು ಹಿಂದೆ ಕಟ್ಟಿ ತಲೆ ತಗ್ಗಿಸಿ ನಿಂತಿದ್ದ.

ಸುಮ್ಮನಿದ್ದಿದ್ದರೆ ಪೂರಾ ದುಡ್ಡು ನನಗೆ ಬರುತ್ತಿತ್ತು. ಮೊಮ್ಮಗನ ಕೈ ನನ್ನ ಕೈಯೊಳಗಿತ್ತು.

“ಸ್ವಲ್ಪ ನಿಲ್ಲಪ್ಪಾ,” ಅಂದೆ. “ತಪ್ಪು ಅವನದು ಹೌದು. ಆದರೆ ಎಣ್ಣೆ ಸೋರಿದ್ದನ್ನು ಮನೆಯಾಕೆ ಬೆಳಿಗ್ಗೆಯೇ ತೋರಿಸಿದಳು. ಕೆಂಪು ದೀಪ ಹತ್ತಿದ್ದನ್ನು ಈ ಹುಡುಗ ಹೇಳಿದ. ನಾನು ಇಬ್ಬರ ಮಾತೂ ಕೇಳಲಿಲ್ಲ. ಆಗಲೇ ನಿಲ್ಲಿಸಿದ್ದರೆ ಒಂದು ರಿಂಗು, ಮೂರು ಲೀಟರ್ ಎಣ್ಣೆಯಲ್ಲಿ ಮುಗಿಯುತ್ತಿತ್ತು. ಜಗಳೂರಿನ ಮೆಕ್ಯಾನಿಕ್ ಹತ್ತಿರ ಲೈಟ್ ಹತ್ತಲಿಲ್ಲ ಅಂತ ಸುಳ್ಳೂ ಹೇಳಿದ್ದೇನೆ.”

ಗ್ಯಾರೇಜು ಒಂದು ಗಳಿಗೆ ನಿಶ್ಶಬ್ದವಾಯಿತು. ಮಾಲೀಕ ಕುರ್ಚಿ ಎಳೆದು ಕೊಟ್ಟು, ಟೀ ತರಿಸಿದ. ರಿಪೇರಿಗೆ ಒಟ್ಟು 36,000 ರೂಪಾಯಿ ಆಯಿತು. ಅರ್ಧ ನಾನು, ಅರ್ಧ ಗ್ಯಾರೇಜು. ಹುಡುಗನ ಸಂಬಳ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡೆ. ಅವನು ಈಗಲೂ ಅಲ್ಲೇ ಇದ್ದಾನೆ. ಫಿಲ್ಟರ್ ಬಿಚ್ಚಿದರೆ ಹಳೇ ರಿಂಗನ್ನು ತಂದು ನನ್ನ ಅಂಗೈಯಲ್ಲಿಟ್ಟ ಮೇಲೆಯೇ ಹೊಸದು ಬಿಗಿಯುತ್ತಾನೆ. ಎಂಜಿನ್ ಓಡಿಸಿ, ಬಗ್ಗಿ ಕೆಳಗೆ ನೋಡಿ, ಆಮೇಲೆ ಕೀಲಿ ಕೊಡುತ್ತಾನೆ.

ಮನೆಗೆ ಬರುವ ದಾರಿಯಲ್ಲಿ ಮೊಮ್ಮಗನಿಗೆ ಹೇಳಿದೆ. “ಗಿಂಡಿ ಹತ್ತಿದ್ದು ನಂಗೂ ಕಂಡಿತ್ತು ಪುಟ್ಟ.”

“ಗೊತ್ತು ಅಜ್ಜಾ,” ಅಂದ, ಅಷ್ಟೆ.

ಅವನೀಗ ಪಿಯುಸಿ ಓದುತ್ತಿದ್ದಾನೆ. ರಜೆಗೆ ಬಂದರೆ ಕಾರಿನ ಎಣ್ಣೆ ನೋಡುವ ಕೆಲಸ ಅವನದೇ. ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದು, ಎಣ್ಣೆ ಎರಡು ಗುರುತುಗಳ ನಡುವೆ ಇದೆಯೇ ನೋಡುತ್ತಾನೆ. ಎರಡು ನಿಮಿಷದ ಕೆಲಸ. ನನ್ನ ಅಪ್ಪ ಗಾಡಿಗೆ ಮಾಡುತ್ತಿದ್ದುದೂ ಇದನ್ನೇ.

ಅವನಿಲ್ಲದ ದಿನ ನಾನೇ ನೋಡುತ್ತೇನೆ. ಆದರೂ ಊರು ಬಿಡುವ ಬೆಳಿಗ್ಗೆ ನನ್ನಾಕೆಯ ಅಪ್ಪಣೆ ಬೇಕು. ರಂಗೋಲಿ ಬಟ್ಟಲು ಕೈಯಲ್ಲಿ ಹಿಡಿದು ಕಾರಿನ ಕೆಳಗೆ ಬಗ್ಗಿ ನೋಡಿ ಹೇಳುತ್ತಾಳೆ. “ನೆಲ ಒಣಗೈತೆ. ಹೊರಡ್ರಿ.”