ಬಾಳೆಗೆ ಕೊಟ್ಟೆ ಕಟ್ಟುವ ಊರು

ಬೆಳಗಿನ ಜಾವ ಎಚ್ಚರವಾಗಿ ಮಗಳ ಮನೆಯ ಮಹಡಿ ಕಿಟಕಿಯ ಪರದೆ ಸರಿಸಿದರೆ ಎದುರಿಗೆ ಬಾಳೆ. ಒಂದಲ್ಲ, ಮರಿಗಳ ಸಮೇತ ಐದಾರು. ಪಕ್ಕದ ಮನೆಯ ಮರದ ಬೇಲಿಯ ಮೇಲೆ ಆಳೆತ್ತರಕ್ಕೆ ಎದ್ದು ಎಲೆ ಬೀಸುತ್ತಿದ್ದವು. ಬುಡದಲ್ಲಿ ಕೆಸು. ಕೆಸುವಿನ ಮಗ್ಗುಲಿಗೆ ಕೆಂಪು ಕಾಬಾಳೆ, ಅದರಾಚೆ ಹರಳುಗಿಡ. ಹಿಂದಿನ ರಾತ್ರಿ ಹೀಥ್ರೂದಲ್ಲಿ ಇಳಿದು ಕಾರಿನಲ್ಲಿ ತೂಕಡಿಸುತ್ತ ಬಂದವನು ನಾನು. ಎಲ್ಲಿದ್ದೇನೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಹಿಂದೆ ಬಂದು ನಿಂತ ನನ್ನವಳು ಮಾತ್ರ ಕೂಡಲೇ ತೀರ್ಪು ಕೊಟ್ಟಳು: "ನಮ್ಮ ಬಚ್ಚಲ ಹಿಂದಿನ ಹಿತ್ತಿಲನ್ನೇ ಎತ್ತಿ ತಂದು ಇಟ್ಟಿದ್ದಾರಲ್ಲ!"

ಊರು ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಪ್ರಾಂತ್ಯದ ಆ್ಯಶ್‌ಫರ್ಡ್. ತಿಂಗಳು ಸೆಪ್ಟೆಂಬರ್. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಇದು 51ರಲ್ಲಿ. ಇದೇ ಗೆರೆಯ ಮೇಲಿರುವ ಕೆನಡಾದ ಕ್ಯಾಲ್ಗರಿಯಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಯಿಂದ ಇಪ್ಪತ್ತು, ಮೂವತ್ತು ಡಿಗ್ರಿ ಕೆಳಗೆ ಹೋಗುವುದುಂಟು. ಇಲ್ಲಿ ಹಾಗಾಗದಂತೆ ತಡೆಯುವುದು ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ, ಅದರ ಮೇಲಿಂದ ಬೀಸಿ ಬರುವ ಪಡುವಣ ಗಾಳಿ. ಚಳಿ ಇದೆ, ಆದರೆ ಕೊಲೆಗಡುಕ ಚಳಿಯಲ್ಲ. ಆ ಸಣ್ಣ ಸಂದಿಯಲ್ಲೇ ಇಲ್ಲಿನವರು ಬಾಳೆ ನೆಟ್ಟುಕೊಂಡು ಕೂತಿದ್ದಾರೆ.

ಹಿತ್ತಿಲಿನ ಒಡೆಯ ನಿವೃತ್ತ ಅಂಚೆಯವ. ಮೂರನೆಯ ದಿನ ಬೇಲಿಯ ಮೇಲಿಂದ ಕತ್ತು ಚಾಚಿದ ನನ್ನನ್ನು ಒಳಗೆ ಕರೆದ. ಒಂದು ಲಾರಿ ನಿಲ್ಲುವಷ್ಟು ಜಾಗ. ಅದರಲ್ಲಿ ಮೈಸೂರು ದಸರಾ ಮೆರವಣಿಗೆಯಷ್ಟು ಗದ್ದಲ. ನಾನು ಮೊದಲು ನೋಡಿದ್ದು ಹರಳುಗಿಡವನ್ನು. ಗಿಡ ಕೆನ್ನೀಲಿ, ಎಲೆಗೆ ತಾಮ್ರದ ಹೊಳಪು. ಆತ ಅದರ ಹೆಸರನ್ನು 'ರಿಸಿನಸ್' ಎಂದು ದೇವರ ಹೆಸರು ಹೇಳುವವನ ಹಾಗೆ ಹೇಳಿದ. ಮಾರ್ಚ್ ತಿಂಗಳಲ್ಲಿ ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲೆ ಪುಟ್ಟ ಕುಂಡದಲ್ಲಿ ಮೊಳೆಯಿಸಿ, ಎರಡು ಸಲ ಕುಂಡ ಬದಲಿಸಿ, ಮೇ ಕೊನೆಗೆ ಹೊರಗೆ ನೆಟ್ಟದ್ದಂತೆ. ನವೆಂಬರಿಗೆ ಸಾಯುತ್ತದೆ. ನಮ್ಮಲ್ಲಿ ತಿಪ್ಪೆ ಪಕ್ಕ ತಾನಾಗಿ ಹುಟ್ಟುವ, ದನವೂ ಮುಟ್ಟದ ಗಿಡ ಇದು ಎಂದು ಹೇಳಲು ಬಾಯಿ ತೆರೆದೆ. ಆತನ ಮುಖ ನೋಡಿ ಸುಮ್ಮನಾದೆ.

ಕೆಸುವಿನ ಸಮಾಚಾರವೂ ಇಷ್ಟೇ. ಕಡು ಕಪ್ಪು ಎಲೆಯದು ಒಂದು, ಆನೆಕಿವಿಯಷ್ಟು ದೊಡ್ಡ ಹಸಿರೆಲೆಯದು ಇನ್ನೊಂದು. ಒಂದು ಕುಂಡಕ್ಕೆ ಹದಿನೈದು ಪೌಂಡ್ ಕೊಟ್ಟಿದ್ದನಂತೆ. ನನ್ನವಳು ಎಲೆಯ ಅಂಚನ್ನು ಮುಟ್ಟಿ, ದಂಟು ನೋಡಿ, "ಪತ್ರೊಡೆಗೆ ಆಗಬಹುದು, ಆದರೆ ತುರಿಸೀತು" ಎಂದಳು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಲು ಒಪ್ಪಲಿಲ್ಲ.

ಮೂಲೆಯಲ್ಲಿ ಒಂದು ಮರಜರಿ ಇತ್ತು. ನಾರು ಸುತ್ತಿದ ಕಂಬದಂತಹ ಕಾಂಡ, ನೆತ್ತಿಯ ಮೇಲೆ ಕೊಡೆ ಬಿಚ್ಚಿದ ಹಾಗೆ ಗರಿ. ಆಸ್ಟ್ರೇಲಿಯಾದ ಟಾಸ್ಮೇನಿಯಾ ಕಡೆಯಿಂದ ಬರುವ ಡಿಕ್ಸೋನಿಯಾ. ವರ್ಷಕ್ಕೆ ಅದು ಬೆಳೆಯುವುದು ಸುಮಾರು ಒಂದು ಅಂಗುಲ. ಹಾಗಾಗಿ ಅಂಗಡಿಯಲ್ಲಿ ಕಾಂಡವನ್ನು ಅಡಿ ಲೆಕ್ಕದಲ್ಲಿ ಅಳೆದು ಮಾರುತ್ತಾರೆ, ಬಟ್ಟೆ ಅಳೆದ ಹಾಗೆ. ಆತ ಕೊಂಡದ್ದು ಮೂರಡಿ. ನಾಲ್ಕಡಿಯದಕ್ಕೆ ಹೆಂಡತಿಯ ಒಪ್ಪಿಗೆ ಸಿಗಲಿಲ್ಲವಂತೆ.

ಬಾಳೆಯದು ಬೇರೆಯೇ ಕಥೆ. ಇದು ನಮ್ಮ ಪುಟ್ಟಬಾಳೆಯೂ ಅಲ್ಲ, ರಸಬಾಳೆಯೂ ಅಲ್ಲ. ಮೂಸಾ ಬಸ್ಜೂ ಎಂಬ ಜಾತಿ. ದಕ್ಷಿಣ ಚೀನಾದ ಗಿಡ, ಜಪಾನಿನ ತೋಟಗಳಲ್ಲಿ ಶತಮಾನಗಳಿಂದ ಇದೆ. ಅಪ್ಪಿತಪ್ಪಿ ಗೊನೆ ಹಾಕಿದರೂ ತುಂಬ ಬೀಜ, ತಿನ್ನಲು ಬಾರದು. ಜಪಾನಿ ಭಾಷೆಯಲ್ಲಿ ಬಾಳೆಗೆ 'ಬಶೋ' ಎನ್ನುತ್ತಾರೆ. 1681ರಲ್ಲಿ ಎಡೋ ಪಟ್ಟಣದ, ಅಂದರೆ ಈಗಿನ ಟೋಕಿಯೋದ, ಹೊರವಲಯದಲ್ಲಿ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಕವಿಗೆ ಶಿಷ್ಯನೊಬ್ಬ ಇಂತಹ ಬಾಳೆಯನ್ನು ತಂದುಕೊಟ್ಟ. ಗಿಡ ಬೆಳೆಯಿತು, ಗುಡಿಸಲಿಗೆ ಬಾಳೆಯ ಹೆಸರು ಬಂತು, ಕೊನೆಗೆ ಕವಿಗೂ ಅದೇ ಹೆಸರಾಯಿತು. ಹೈಕು ಓದಿದವರೆಲ್ಲ ಬಲ್ಲ ಮತ್ಸುವೊ ಬಶೋ ಆತನೇ. ಹಣ್ಣು ಕೊಡದ, ಗಾಳಿಗೆ ಎಲೆ ಸೀಳಿಹೋಗುವ, ಯಾವ ಉಪಯೋಗಕ್ಕೂ ಬಾರದ ಗಿಡ ಎಂಬುದೇ ಆತನಿಗೆ ಅದರ ಮೇಲಿದ್ದ ಪ್ರೀತಿಗೆ ಕಾರಣ. ಬಾಳೆಯ ಉಪಯೋಗಗಳ ಮೇಲೆಯೇ ಶಾಲೆಯಲ್ಲಿ ಪ್ರಬಂಧ ಬರೆದು ಬೆಳೆದ ನಮಗೆ ಇದು ಅರಗುವುದು ಸ್ವಲ್ಪ ಕಷ್ಟ.

"ಇದನ್ನು ನೋಡಿ ಬೆರಗಾಗಿದ್ದೀರಿ, ಡಿಕ್ಸ್ಟರ್ ನೋಡಿಲ್ಲವಲ್ಲ" ಎಂದ ಅಂಚೆಯವ. ಮುಂದಿನ ಭಾನುವಾರ ಮಗಳು ಕಾರು ತೆಗೆದಳು. ಟೆಂಟರ್ಡನ್ ದಾಟಿ, ನ್ಯೂವೆಂಡನ್ನಿನಲ್ಲಿ ರಾದರ್ ಹೊಳೆ ದಾಟಿದರೆ ಕೆಂಟ್ ಮುಗಿದು ಸಸೆಕ್ಸ್. ಮೊದಲು ಸಿಗುವ ಊರೇ ನಾರ್ಥಿಯಮ್. ಅಲ್ಲಿದೆ ಗ್ರೇಟ್ ಡಿಕ್ಸ್ಟರ್. ಮರದ ತೊಲೆಗಳ ಹಳೆಯ ಮನೆಯೊಂದನ್ನು 1910ರ ಸುಮಾರಿಗೆ ಲಾಯ್ಡ್ ಕುಟುಂಬಕ್ಕಾಗಿ ವಿಸ್ತರಿಸಿ ಕಟ್ಟಿದವನು ಎಡ್ವಿನ್ ಲುಟ್ಯೆನ್ಸ್. ಮುಂದೆ ದೆಹಲಿಯಲ್ಲಿ ಈಗಿನ ರಾಷ್ಟ್ರಪತಿ ಭವನವನ್ನು ಕಟ್ಟಿದವನೂ ಅವನೇ. ಹಳೆಯ ದನದ ದೊಡ್ಡಿಯ ಜಾಗದಲ್ಲಿ ಆತ ಗುಲಾಬಿ ತೋಟ ಮಾಡಿಸಿದ್ದ. ಆ ಮನೆಯಲ್ಲೇ 1921ರಲ್ಲಿ ಹುಟ್ಟಿದ ಕ್ರಿಸ್ಟೋಫರ್ ಲಾಯ್ಡ್ ತೋಟಗಾರಿಕೆ ಬರಹಗಾರನಾಗಿ ದೇಶಕ್ಕೆಲ್ಲ ಪರಿಚಿತನಾದ. 1993ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮುಖ್ಯ ತೋಟಗಾರ ಫರ್ಗಸ್ ಗ್ಯಾರೆಟ್ ಜೊತೆ ಸೇರಿ ಆ ಗುಲಾಬಿಗಳನ್ನು ಬೇರು ಸಹಿತ ಕಿತ್ತುಹಾಕಿದ. ಒಂದೇ ಮಣ್ಣಿನಲ್ಲಿ ಗುಲಾಬಿಯ ಮೇಲೆ ಗುಲಾಬಿ ನೆಟ್ಟು ನೆಲ ಸೊರಗಿತ್ತು; ಆತನಿಗೂ ಅವು ಸಾಕೆನಿಸಿದ್ದವು. ಆ ಜಾಗಕ್ಕೆ ಬಂದದ್ದು ಬಾಳೆ, ಕಾಬಾಳೆ, ಡೇರೆ. ಇಂಗ್ಲೆಂಡಿನಲ್ಲಿ ಗುಲಾಬಿ ಕೀಳುವುದೆಂದರೆ ನಮ್ಮಲ್ಲಿ ತುಳಸಿಕಟ್ಟೆ ಒಡೆದ ಹಾಗೆ. ಕೆಂಡವಾದವರು ಬಹಳ ಮಂದಿ. ಲಾಯ್ಡ್ 2006ರಲ್ಲಿ ತೀರಿಕೊಂಡ, ತೋಟ ಉಳಿದಿದೆ.

ಒಳಗೆ ಕಾಲಿಟ್ಟರೆ ದಾರಿಯೇ ಕಾಣದು. ಇಕ್ಕಟ್ಟಿನ ಕಲ್ಲುಹಾಸು, ಎರಡೂ ಕಡೆಯಿಂದ ಎಲೆ ಬಂದು ಹೆಗಲಿಗೆ ತಾಗುತ್ತದೆ. ಒಬ್ಬರು ಎದುರಾದರೆ ಇನ್ನೊಬ್ಬರು ಗಿಡದೊಳಗೆ ಸರಿಯಬೇಕು. ಬಾಳೆಯ ನೆರಳಿನಲ್ಲಿ ಊಟದ ತಟ್ಟೆಯಗಲದ ಕಡುಗೆಂಪು ಡೇರೆ. ಮಳೆ ಹನಿಯುತ್ತಿತ್ತು; ಬಾಳೆ ಎಲೆಯ ಮೇಲೆ ಮಳೆ ಬೀಳುವ ಆ ಸದ್ದು, ಅದೊಂದಕ್ಕೆ ಮಾತ್ರ ಯಾವ ದೇಶದ ಭೇದವೂ ಇಲ್ಲ. ಕೋಟು ತೊಟ್ಟ ಮುದುಕಿಯೊಬ್ಬಳು ನನ್ನವಳ ಸೀರೆ ನೋಡಿ, "ನಿಮಗೆ ಇದು ಮನೆಯಂತೆ ಅನಿಸುತ್ತಿರಬೇಕು" ಎಂದಳು. ನನ್ನವಳು ಚೆನ್ನಾಗಿಯೇ ನಕ್ಕಳು. ಆಮೇಲೆ ನನಗೆ ಹೇಳಿದಳು, "ನಮ್ಮನೆಯಲ್ಲಿ ಇಷ್ಟು ಒತ್ತಾಗಿ ಬೆಳೆದರೆ ಹಾವಿದೆ ಅಂತ ಕಡಿಸುತ್ತೇವೆ."

ಈ ಹುಚ್ಚು ಲಾಯ್ಡ್‌ನಿಂದ ಶುರುವಾದದ್ದಲ್ಲ. ಡರ್ಬಿಶೈರಿನ ಚ್ಯಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರಿನ ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನ ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯೊಳಗೆ ಬಾಳೆ ಬೆಳೆದ. 1835ರಲ್ಲಿ ಅದು ಹೂ ಬಿಟ್ಟಿತು. ಒಡೆಯನ ಹೆಸರನ್ನೇ ಅದಕ್ಕೆ ಇಟ್ಟರು. ನಮ್ಮ ಸಂತೆಯಲ್ಲಿ ಗಾಡಿ ತುಂಬ ಬರುವ ಪಚ್ಚಬಾಳೆ, ಜಿ-9 ಎಲ್ಲ ಇದೇ ಕ್ಯಾವೆಂಡಿಶ್ ಗುಂಪಿನವು. ಅದೇ 1835ರಲ್ಲಿ ಪ್ಯಾಕ್ಸ್‌ಟನ್ನನ ಕೈಕೆಳಗಿನ ಜಾನ್ ಗಿಬ್ಸನ್ ಎಂಬ ತರುಣ ಗಿಡ ತರಲೆಂದು ಕಲ್ಕತ್ತೆಗೆ ಹಡಗು ಹತ್ತಿದ. ಖಾಸಿ ಬೆಟ್ಟಗಳಲ್ಲಿ ಅಲೆದು ಆರ್ಕಿಡ್ ಹೊತ್ತುಕೊಂಡು 1837ರಲ್ಲಿ ಮರಳಿದ. ಮುಂದೆ ಲಂಡನ್ನಿನ ಬ್ಯಾಟರ್ಸಿ ಪಾರ್ಕಿನಲ್ಲಿ 1864ರ ಹೊತ್ತಿಗೆ ಬಯಲಿನಲ್ಲೇ ಬಾಳೆ, ಕಾಬಾಳೆ, ಹರಳುಗಿಡ ನೆಟ್ಟು ಜನರಿಗೆ ತೋರಿಸಿದವನು ಅವನೇ. ಬೇಸಿಗೆಯಲ್ಲಿ ಹೊರಗೆ, ಚಳಿ ಬಂತೆಂದರೆ ನಾಜೂಕಿನವೆಲ್ಲ ಮರಳಿ ಗಾಜಿನ ಮನೆಗೆ. ಅಷ್ಟಕ್ಕೂ ಚ್ಯಾಟ್ಸ್‌ವರ್ತ್‌ನ ದೊಡ್ಡ ಗಾಜಿನ ಮನೆ ಉಳಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಒಳಗಿನ ಗಿಡಗಳು ಸತ್ತವು, 1920ರಲ್ಲಿ ಅದನ್ನು ಕೆಡವಿದರು. ಗಾಜಿನ ಮನೆಯ ಅಗತ್ಯವೇ ಇರದ ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮಾತ್ರ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಗಟ್ಟಿಯಾಗಿ ನಿಂತಿದೆ.

ಅಂಚೆಯವನ ಹತ್ತಿರ ಡ್ಯೂಕನ ಕಲ್ಲಿದ್ದಲಿರಲಿಲ್ಲ. ಇದ್ದದ್ದು ಕೋಳಿಬಲೆ, ಒಣಹುಲ್ಲು ಮತ್ತು ಹವಾಮಾನ ವರದಿ. ದೀಪಾವಳಿ ಕಳೆದ ವಾರ ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ಕೂಗಿದ: "ನಾಳೆ ರಾತ್ರಿ ಫ್ರಾಸ್ಟ್!" ಇಬ್ಬನಿ ಹುಲ್ಲಿನ ಮೇಲೆ ಉಪ್ಪಿನ ಹರಳಿನ ಹಾಗೆ ಗಟ್ಟಿಯಾಗುವುದಕ್ಕೆ ಹಾಗೆನ್ನುತ್ತಾರೆ. ಬಾಳೆಯ ಕಾಂಡವೆಂದರೆ ನೀರು ತುಂಬಿದ ಎಲೆಬುಡಗಳ ಸುರುಳಿ ತಾನೆ? ಒಳಗಿನ ನೀರು ಗಡ್ಡೆಕಟ್ಟಿದರೆ ಜೀವಕೋಶಗಳು ಒಡೆದು ಬೆಳಗಾಗುವಷ್ಟರಲ್ಲಿ ಗಿಡ ಬೇಯಿಸಿದ ಸೊಪ್ಪಿನಂತೆ ಜೋಲುತ್ತದೆ. ನೆಲದೊಳಗಿನ ಗೆಡ್ಡೆ ಬದುಕುತ್ತದೆ. ಆದರೆ ಕಾಂಡ ಉಳಿಯದಿದ್ದರೆ ಮುಂದಿನ ವರ್ಷ ಮತ್ತೆ ನೆಲಮಟ್ಟದಿಂದ ಎದ್ದುಬರಬೇಕು. ಆರು ತಿಂಗಳ ಬೇಸಿಗೆಯಲ್ಲಿ ಎಷ್ಟು ಎತ್ತರ ಹೋದೀತು?

ಹೋಗಿ ನೋಡಿದೆ. ಮೊದಲು ಎಲೆಗಳನ್ನೆಲ್ಲ ತೊಟ್ಟಿನ ಬುಡಕ್ಕೆ ಕೊಯ್ದ. ಬೋಳು ಕಾಂಡದ ಸುತ್ತ ನಾಲ್ಕು ಗೂಟ ಹೊಡೆದು ಕೋಳಿಬಲೆ ಸುತ್ತಿದ. ಬಲೆಗೂ ಕಾಂಡಕ್ಕೂ ನಡುವೆ ಗೇಣು ಜಾಗ ಬಿಟ್ಟು ಒಣಹುಲ್ಲನ್ನು ಹಿಡಿಹಿಡಿಯಾಗಿ ತುರುಕಿದ. ಒತ್ತಿ ತುಂಬಬಾರದು, ಗಾಳಿ ನಿಂತರೇ ಬೆಚ್ಚಗಿರುವುದು. ಕೊನೆಗೆ ನೆತ್ತಿಯ ಮೇಲೆ ತಗಡಿನ ಟೋಪಿ. "ಚಳಿಗಿಂತ ನೀರು ಕೆಟ್ಟದ್ದು. ಮಳೆ ಒಳಗೆ ಇಳಿದರೆ ಕೊಳೆತೇಹೋಗುತ್ತದೆ" ಎಂದ. ಅದನ್ನು ಕೇಳಿದ ಕೂಡಲೇ ನನಗೆ ನಮ್ಮೂರು ಎದುರಿಗೆ ಬಂತು. ತೀರ್ಥಹಳ್ಳಿ ಸೀಮೆಯಲ್ಲಿ ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದದ್ದು ಇದೇ ಭಯಕ್ಕೆ, ಕೊಳೆಯ ಭಯಕ್ಕೆ. ಅಪ್ಪ ಮರದಡಿ ನಿಂತು "ಬಾಯಿ ಬಿಗಿ ಕಟ್ಟೋ" ಎಂದು ಕೊನೆಗಾರನಿಗೆ ಕೂಗುತ್ತಿದ್ದ. ಅಂಚೆಯವ ಟೋಪಿ ಕಟ್ಟುವಾಗ ಹಗ್ಗದ ಆ ತುದಿ ಹಿಡಿದವನು ನಾನು, ಗಂಟು ನಮ್ಮೂರಿನದು.

ಮರಜರಿಗೆ ನೆತ್ತಿಯ ಸುಳಿಯಲ್ಲಿ ಒಂದು ಹಿಡಿ ಹುಲ್ಲು, ಅಷ್ಟೇ. ಕೆಸುವಿನ ಗೆಡ್ಡೆ ಗ್ಯಾರೇಜಿಗೆ. ಹರಳುಗಿಡಕ್ಕೆ ಮೋಕ್ಷ. ಡೇರೆಯನ್ನು ಮಾತ್ರ ಮುಟ್ಟಲಿಲ್ಲ. ಒಂದು ಫ್ರಾಸ್ಟ್ ತಾಗಿ ಸೊಪ್ಪು ಕಪ್ಪಾದ ಮೇಲೆಯೇ ಅದರ ಗೆಡ್ಡೆ ಕೀಳುವುದಂತೆ. ದಂಟು ಮೋಟಾಗಿ ಕೊಯ್ದು, ತಲೆಕೆಳಗಾಗಿ ಇಟ್ಟು ಟೊಳ್ಳಿನ ನೀರು ಸುರಿದುಹೋದ ಮೇಲೆ ಒಣ ಮಣ್ಣಿನ ಪೆಟ್ಟಿಗೆಯಲ್ಲಿ ಹೂಳುತ್ತಾನೆ. ನನ್ನವಳೂ ಡೇರೆ ಗೆಡ್ಡೆ ಕಾಪಿಡುತ್ತಾಳೆ, ಬೇಸಿಗೆಯುದ್ದಕ್ಕೂ, ಮಳೆಗಾಲದ ಹೂವಿಗಾಗಿ. ಆ ಸಂಜೆ ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ಕೈಸನ್ನೆಯಲ್ಲೇ ಕಾಲು ಗಂಟೆ ಗೆಡ್ಡೆಯ ಕಣ್ಣಿನ ಬಗ್ಗೆ ಮಾತಾಡಿಕೊಂಡರು.

ಕೊಯ್ದ ಎಲೆಗಳ ರಾಶಿ ಗೊಬ್ಬರದ ಗುಂಡಿಗೆ ಹೋಗುವುದರಲ್ಲಿತ್ತು. ನನ್ನವಳು ಅಡ್ಡ ನಿಂತಳು. ಅಂಚೆಯವನಿಗೆ ಅರ್ಥವಾಗಲಿಲ್ಲ, ಆದರೂ ಕೊಟ್ಟ. ಮರುದಿನ ಮಧ್ಯಾಹ್ನ ಮಗಳ ಊಟದ ಮೇಜಿನ ಮೇಲೆ ಆರು ಎಲೆ. ಪಕ್ಕದ ಮನೆಯ ಗಂಡ ಹೆಂಡತಿಯೂ ಪಂಕ್ತಿಯಲ್ಲಿ. ಕಿಟಕಿಯಲ್ಲಿ ನಾಲ್ಕು ವರ್ಷದಿಂದ ನಾಲ್ಕು ಗೇಣು ದಾಟದ ಕರಿಬೇವಿನ ಕುಂಡದಿಂದ ಲೆಕ್ಕ ಹಾಕಿ ಎಂಟು ಎಸಳು ಒಗ್ಗರಣೆಗೆ. ಎಲೆ ನಮ್ಮದಕ್ಕಿಂತ ತೆಳು. ಸಾರು ಬಡಿಸುವಾಗ ಎರಡು ಕಡೆ ಸೀಳಿ ಮೇಜು ಒದ್ದೆಯಾಯಿತು. "ಹದಿಮೂರು ವರ್ಷ ಇದನ್ನು ಸಾಕಿದ್ದೇನೆ, ಊಟ ಮಾಡಿದ್ದು ಇವತ್ತೇ" ಎಂದ ಅಂಚೆಯವ. ದಿಂಡಿನ ಪಲ್ಯದ ಮಾತನ್ನು ನನ್ನವಳು ಎತ್ತಲಿಲ್ಲ. ಕಾಂಡ ಆಗಲೇ ಕೊಟ್ಟೆಯೊಳಗಿತ್ತು.

ಡಿಸೆಂಬರಿನಲ್ಲಿ ಊರಿಗೆ ಬಂದೆವು. ಮೇ ಎರಡನೆಯ ವಾರ ಮಗಳು ಫೋನಿನಲ್ಲಿ ತೋರಿಸಿದಳು: ಬಲೆ ಬಿಚ್ಚಿದ್ದಾರೆ, ಹುಲ್ಲು ಕೆಳಗೆ ಬಿದ್ದಿದೆ, ನಡುವೆ ಕಂದು ಬಣ್ಣದ ನಾಲ್ಕು ಮೋಟು. ತುದಿಯ ಮೂರಂಗುಲ ಕೊಳೆತಿತ್ತು. ಅದನ್ನು ಕೊಯ್ದಲ್ಲಿ ಬೆರಳುದ್ದದ ಹಸಿರು ಸುಳಿ. ಕೊಳೆತದ್ದು ಟೋಪಿಯ ಗಂಟು ಸಡಿಲವಾದ ಕಡೆ ಮಾತ್ರವಂತೆ. ಆ ಗಂಟು ಯಾರದೆಂದು ನಾನು ಕೇಳಲಿಲ್ಲ.

ಆ ಕಡೆ ಹೋಗುವವರಿಗೆ ಒಂದು ಮಾತು. ಡಿಕ್ಸ್ಟರಿನ ಈ ತೋಟ ನೋಡಬೇಕಿದ್ದರೆ ಸೆಪ್ಟೆಂಬರಿನಲ್ಲಿ ಹೋಗಿ, ಏಪ್ರಿಲ್ ಮೇ ಬೇಡ. ಆಗ ಈ ಮೂಲೆಯಲ್ಲಿ ನೋಡಲು ಹೆಚ್ಚೇನೂ ಇರುವುದಿಲ್ಲ. ಸೋಮವಾರ ಬಾಗಿಲು ಹಾಕಿರುತ್ತಾರೆ. ಕೊಡೆ ಮರೆಯಬೇಡಿ.