ಹಕ್ಕಿಗಳ ಲೆಕ್ಕ

ಹಕ್ಕಿಗಳನ್ನೆಣಿಸುವುದೂ ಒಂದು ಕೆಲಸವೇ ಎಂದು ನಗುವವರಿಗೆ ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಹಾಕ್ ಮೌಂಟನ್ ಬೆಟ್ಟದ ಕಥೆಯನ್ನು ಹೇಳುತ್ತೇನೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ವಲಸೆ ಹೊರಟ ಗಿಡುಗಗಳೂ ಹದ್ದುಗಳೂ ಆ ಬೆಟ್ಟಸಾಲಿಗೆ ಬಡಿದು ಮೇಲೇಳುವ ಗಾಳಿಯನ್ನಾಶ್ರಯಿಸಿ ತೇಲಿಬರುತ್ತವೆ. ಹಿಂದೆ ಬಂದೂಕುಗಾರರು ಅಲ್ಲಿ ಕಾದು ಕುಳಿತು ಅವನ್ನು ರಾಶಿರಾಶಿಯಾಗಿ ಕೆಡಹುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಬೆಟ್ಟವನ್ನು ಗುತ್ತಿಗೆಗೆ ಪಡೆದು ಬೇಟೆಯನ್ನು ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಹಕ್ಕಿಗಳನ್ನು ಎಣಿಸತೊಡಗಿದರು.

ವರ್ಷಗಳುರುಳಿದಂತೆ ಅವರ ಲೆಕ್ಕದಲ್ಲಿ ಬಿಳಿತಲೆಯ ಹದ್ದಿನ ಎಳೆಯ ಹಕ್ಕಿಗಳು ವಿರಳವಾದವು. 1962ರಲ್ಲಿ ರೇಚಲ್ ಕಾರ್ಸನ್ ಕೀಟನಾಶಕಗಳ ಕೇಡನ್ನು ಸಾರಿದಾಗ ಆ ಅಂಕಿಗಳು ಸಾಕ್ಷಿ ನುಡಿದವು. 1972ರಲ್ಲಿ ಅಮೆರಿಕವು ಬೆಳೆಗಳಿಗೆ ಡಿ.ಡಿ.ಟಿ. ಸಿಂಪಡಿಸುವುದನ್ನು ನಿಷೇಧಿಸಿತು, ಹದ್ದುಗಳು ಮತ್ತೆ ಹೆಚ್ಚಿದವು.

ಇಂದಿಗೂ ಸ್ವಯಂಸೇವಕರು ಅಲ್ಲಿನ ಬಂಡೆಗಳ ಮೇಲೆ ದುರ್ಬೀನು ಹಿಡಿದು ಕುಳಿತಿರುತ್ತಾರೆ. ಹಕ್ಕಿ ಬಾರದ ಗಂಟೆಗೆ ಸೊನ್ನೆಯನ್ನೇ ಬರೆಯುತ್ತಾರೆ. ಬಾಯಿಲ್ಲದ ಜೀವಿಗಳ ಅಳಲನ್ನು ಅರುಹಬಲ್ಲದ್ದು ಇಂಥ ಪ್ರಾಮಾಣಿಕ ಲೆಕ್ಕವೇ.