ಜೇಬಿನ ಚಾಕು, ಮೆಟ್ರೊ ದಾರಿ

ಮಡಚುವ ಪುಟ್ಟ ಚಾಕು ಇಟ್ಟುಕೊಳ್ಳಲು ಜೀನ್ಸ್‌ನ ಬಲಜೇಬಿನ ಮೇಲಿರುವ ಆ ಚಿಕ್ಕ ಜೇಬಿಗಿಂತ ಒಳ್ಳೆಯ ಜಾಗವಿಲ್ಲ. ವಿಕ್ಟೋರಿನಾಕ್ಸ್ ಕ್ಲಾಸಿಕ್‌ನಂಥದ್ದು ಮಡಚಿದರೆ 58 ಮಿಲಿಮೀಟರ್, ತೂಕ 20 ಗ್ರಾಂ ಆಸುಪಾಸು. ಶರ್ಟಿನ ಜೇಬು ಬೇಡ, ಬಗ್ಗಿದರೆ ಬೀಳುತ್ತೆ. ಕೀ ಗೊಂಚಲಿಗೆ ಸಿಕ್ಕಿಸಿದರೆ ಸ್ಕೂಟರ್ ನಿಲ್ಲಿಸಿದಲ್ಲೆಲ್ಲ ಪ್ರದರ್ಶನ.

ತೊಂದರೆ ಏನಪ್ಪಾ ಅಂದ್ರೆ, ಇಷ್ಟು ಹಗುರ ಇದ್ದರೆ ಜೇಬಲ್ಲಿ ಇದೆ ಅನ್ನೋದೇ ಮರೆತುಹೋಗುತ್ತೆ. ಶಿವಾಜಿನಗರದಲ್ಲಿ ಬಿಎಂಟಿಸಿ ಹತ್ತಿದರೆ ಯಾರೂ ಕೇಳಲ್ಲ. ಆದರೆ 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮಾರ್ಗ ಶುರುವಾದ ಮೇಲೆ ಹಲಸೂರು, ಇಂದಿರಾನಗರದ ಕಡೆಯವರು ಆ ದಾರಿಯ ಟ್ರಾಫಿಕ್ಕಿಗೆ ಕೈಮುಗಿದು ಮೆಟ್ರೊ ಹಿಡಿದಿದ್ದಾರೆ. ಅಲ್ಲಿ ಬ್ಯಾಗು ಸ್ಕ್ಯಾನರ್‌ಗೆ, ನಾವು ಡಿಟೆಕ್ಟರ್‌ಗೆ, ಮರೆತ ಚಾಕು ಸಿಕ್ಕಿಬೀಳುತ್ತೆ.

ಕಾನೂನು ಹೇಳೋದೇ ಬೇರೆ. ಆಯುಧ ನಿಯಮಗಳ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಅದರಲ್ಲೂ ಮನೆಬಳಕೆ, ಬೇಸಾಯದ ಸಾಮಾನಿಗೆ ವಿನಾಯಿತಿ. ಹಾಗಂತ ಹಿಂದೆ ಕ್ಯೂ ಬೆಳೆಯುತ್ತಿರುವಾಗ ಸೆಕ್ಯುರಿಟಿಯವರಿಗೆ ಇಂಚಿನ ಲೆಕ್ಕ ಒಪ್ಪಿಸಬೇಡಿ. ಮೆಟ್ರೊಗೆ ಅದರದೇ ನಿಯಮ, ಅಲ್ಲಿ ಹರಿತವಾದದ್ದು ಬೇಡ. ವಿಮಾನಕ್ಕಾದರೆ ಚೆಕ್-ಇನ್ ಬ್ಯಾಗಿಗೆ ಹಾಕಬಹುದು, ಮೆಟ್ರೊದಲ್ಲಿ ಆ ಅನುಕೂಲವೂ ಇಲ್ಲ.

ಮೆಟ್ರೊ ದಿನ ನನ್ನದು ಮನೆಯ ಡ್ರಾಯರ್‌ನಲ್ಲೇ ಇರುತ್ತೆ. ಪಾರ್ಸೆಲ್ ಟೇಪು ಕೀಯಲ್ಲೂ ಹರಿಯುತ್ತೆ. ಸೀಬೆಹಣ್ಣನ್ನು ಗಾಡಿಯವರೇ ಸೀಳಿ, ಉಪ್ಪು ಖಾರ ಸವರಿ ಕೊಡ್ತಾರೆ, ನಮಗಿಂತ ಚೆನ್ನಾಗಿ.